ಲೋವೆಲ್ ಬಟ್ಟೆ ಗಿರಣಿಗಳು: ಅಮೆರಿಕದ ದುಡಿಮೆಯನ್ನು ಬದಲಿಸಿದ್ದು ಮಗ್ಗವೋ, ಗಂಟೆಯೋ?

ಕದಿರು:

ಅಮೆರಿಕದ ಕೈಗಾರಿಕೀಕರಣ ಎಂದಕೂಡಲೇ ಮಾತು ಡೆಟ್ರಾಯಿಟ್‌ಗೆ, ಫೋರ್ಡ್ ಕಾರಿನ ಜೋಡಣೆ ಸಾಲಿಗೆ ಹೋಗಿಬಿಡುತ್ತದೆ. ಅದಕ್ಕೂ ತೊಂಬತ್ತು ವರ್ಷ ಹಿಂದೆ ಮ್ಯಾಸಚೂಸೆಟ್ಸ್‌ನ ಹತ್ತಿ ಗಿರಣಿಗಳಲ್ಲಿ ಮುಖ್ಯವಾದದ್ದೆಲ್ಲ ಆಗಿಹೋಗಿತ್ತು ಎಂಬುದು ನನ್ನ ವಾದ.

ಮೊದಲು ಎರಡು ಪದ್ಧತಿಗಳನ್ನು ಬೇರೆ ಮಾಡಿಕೊಳ್ಳಬೇಕು. 1790ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರ್ ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ಆರ್ಕ್‌ರೈಟ್ ಮಾದರಿಯ ನೂಲುವ ಯಂತ್ರಗಳನ್ನು ನೀರಿನಿಂದ ನಡೆಸಿದ. ಯಂತ್ರವನ್ನಾಗಲಿ ಅದರ ನಕ್ಷೆಯನ್ನಾಗಲಿ ಹೊರದೇಶಕ್ಕೆ ಒಯ್ಯಲು ಇಂಗ್ಲೆಂಡಿನ ಕಾನೂನು ಬಿಡುತ್ತಿರಲಿಲ್ಲ. ಅವನು ಎಲ್ಲವನ್ನೂ ನೆನಪಿನಲ್ಲೇ ಹೊತ್ತು ತಂದಿದ್ದ. ಮೊದಲ ಕೆಲಸಗಾರರು 7ರಿಂದ 12 ವರ್ಷದ ಮಕ್ಕಳು. ಮುಂದೆ ಇಡೀ ಕುಟುಂಬಗಳನ್ನೇ ಗಿರಣಿಯ ಪಕ್ಕಕ್ಕೆ ಕರೆತಂದರು. ಆದರೆ ಆ ಗಿರಣಿಯ ಕೆಲಸ ನೂಲಿಗೇ ನಿಲ್ಲುತ್ತಿತ್ತು. ನೂಲು ಸುತ್ತಲ ಮನೆಗಳಿಗೆ ಹೋಗಿ ಕೈಮಗ್ಗದಲ್ಲಿ ಬಟ್ಟೆಯಾಗುತ್ತಿತ್ತು. ನೇಯುವವರು ಯಾವಾಗ ಮಗ್ಗಕ್ಕೆ ಕೂರಬೇಕು, ಯಾವಾಗ ಏಳಬೇಕು ಎನ್ನುವುದು ಅವರವರ ಕೈಯಲ್ಲಿತ್ತು.

ಎರಡನೆಯದು ಬಾಸ್ಟನ್ ವ್ಯಾಪಾರಿ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್‌ನ ಪದ್ಧತಿ. 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದು ಅಲ್ಲಿಯ ಗಿರಣಿಗಳನ್ನು ಕಣ್ತುಂಬ ನೋಡಿ ಬಂದವನು, 1813ರಲ್ಲಿ ಬಾಸ್ಟನ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಕಟ್ಟಿದ. ಚಾರ್ಲ್ಸ್ ನದಿಯ ದಡದ ವಾಲ್ಥಮ್‌ನಲ್ಲಿ ಪಾಲ್ ಮೂಡಿ ಎಂಬ ಕುಶಲಿಯ ಜೊತೆ ಸೇರಿ 1814ರ ಕೊನೆಯ ಹೊತ್ತಿಗೆ ನೀರಿನ ಬಲದ ಮಗ್ಗ ಓಡಿಸಿದ. ಅರಳೆಯ ಮೂಟೆ ಒಳಗೆ ಹೋದರೆ ಬಟ್ಟೆಯಾಗಿಯೇ ಹೊರಬರಬೇಕು. ನಡುವಿನ ಒಂದು ಹಂತಕ್ಕೂ ಹೊರಗಿನ ಮನೆ ಬೇಕಿಲ್ಲ. ಲೋವೆಲ್ 1817ರಲ್ಲಿ ತೀರಿಕೊಂಡ. ಪಾಲುದಾರರು ಮ್ಯಾಸಚೂಸೆಟ್ಸ್‌ನಲ್ಲೇ ಮೆರಿಮ್ಯಾಕ್ ನದಿಯ ಪಾಟಕೆಟ್ ಜಲಪಾತದ ಬಳಿ (ಸ್ಲೇಟರನ ಪಾಟಕೆಟ್ ಬೇರೆ) ಅವನ ಹೆಸರಿನ ಊರನ್ನೇ ಎಬ್ಬಿಸಿದರು. ಅಲ್ಲಿ ಮೊದಲ ಚಕ್ರ ತಿರುಗಿದ್ದು 1823ರ ಸೆಪ್ಟೆಂಬರ್‌ನಲ್ಲಿ. ದುಡಿಯಲು ಬಂದವರು ನ್ಯೂ ಇಂಗ್ಲೆಂಡಿನ ರೈತರ ಮನೆಯ ಮದುವೆಯಾಗದ ಹೆಣ್ಣುಮಕ್ಕಳು.

ನನ್ನ ಪ್ರಶ್ನೆ ಇದು. ಕೆಲಸದ ವೇಗ ಕೆಲಸಗಾರರ ಕೈಯಿಂದ ಜಾರಿದ್ದು ಎಲ್ಲಿ? ಯಂತ್ರದಲ್ಲೋ, ನೀರಿನಲ್ಲೋ, ಗಂಟೆಯಲ್ಲೋ, ಬಾಸ್ಟನ್ನಿನ ಲೆಕ್ಕದ ಪುಸ್ತಕದಲ್ಲೋ?

ನೀರಗಂಟಿ:

ನೀರಿನಿಂದ ಶುರುಮಾಡುತ್ತೇನೆ. ಅಲ್ಲಿ ಮಿಕ್ಕದ್ದೆಲ್ಲ ಅದಕ್ಕೆ ತೂಗುಬಿದ್ದಿತ್ತು.

ಪಾಟಕೆಟ್ ಜಲಪಾತದಲ್ಲಿ ನದಿ ಒಂದು ಮೈಲಿಯೊಳಗೆ ಸುಮಾರು 32 ಅಡಿ ಇಳಿಯುತ್ತದೆ. ಜಲಪಾತವನ್ನು ಸುತ್ತಿಕೊಂಡು ದೋಣಿ ಸಾಗಿಸಲು 1796ರಲ್ಲೇ ಒಂದು ಕಾಲುವೆ ತೋಡಿದ್ದರು. ಅದನ್ನು ಅಗಲ ಮಾಡಿ, ಕವಲು ತೆಗೆದು, ಕವಲಿನ ದಂಡೆಗೆ ಗಿರಣಿ ನಿಲ್ಲಿಸಿದರು. ನೀರು, ನೆಲ, ಯಂತ್ರ ಈ ಮೂರನ್ನೂ ಗಿರಣಿಗಳಿಗೆ ಮಾರಲು ಲಾಕ್ಸ್ ಅಂಡ್ ಕೆನಾಲ್ಸ್ ಎಂಬ ಪ್ರತ್ಯೇಕ ಕಂಪನಿಯಿತ್ತು. ನೀರಿಗೆ ಅವರು ಇಟ್ಟ ಅಳತೆಯ ಹೆಸರು ಮಿಲ್ ಪವರ್. ವಾಲ್ಥಮ್‌ನ ಎರಡನೇ ಗಿರಣಿಯಲ್ಲಿ 3,584 ಕದಿರುಗಳಿದ್ದವು (ಕದಿರು ಎಂದರೆ ನೂಲು ಸುತ್ತಿಕೊಳ್ಳುವ ತಿರುಗುಕಡ್ಡಿ). ಅಷ್ಟು ಕದಿರು, ಅದಕ್ಕೆ ತಕ್ಕ ಹಂಜಿ ಯಂತ್ರ (ಅರಳೆಯನ್ನು ಹಿಂಜಿ ಎಳೆ ಮಾಡುವುದು), ಮಗ್ಗ ಎಲ್ಲವನ್ನೂ ನಡೆಸಲು ಬೇಕಾದ ನೀರೇ ಒಂದು ಮಿಲ್ ಪವರ್. ಅಂದರೆ 30 ಅಡಿ ಇಳಿತದಲ್ಲಿ ಸೆಕೆಂಡಿಗೆ 25 ಘನ ಅಡಿ. ಲೆಕ್ಕ ಹಾಕಿ: 25 × 62.4 ಪೌಂಡ್ × 30 ಅಡಿ, ಅದನ್ನು 550ರಿಂದ ಭಾಗಿಸಿದರೆ 85 ಅಶ್ವಶಕ್ತಿ. ಚಕ್ರದಲ್ಲಿ ಸೋರಿಹೋಗುವುದನ್ನು ಕಳೆದರೆ ಶಾಫ್ಟಿಗೆ, ಅಂದರೆ ಬಲವನ್ನು ಯಂತ್ರಗಳಿಗೆ ಸಾಗಿಸುವ ತಿರುಗುದಂಡಕ್ಕೆ, ಸಿಗುವುದು ಸುಮಾರು 60. ನದಿಯನ್ನು ಹೀಗೆ ತುಂಡುಮಾಡಿ, ಕರಾರುಪತ್ರ ಬರೆದು ಮಾರಿದ್ದು ದೊಡ್ಡ ಬದಲಾವಣೆ. ಯಂತ್ರದಷ್ಟೇ ದೊಡ್ಡದು ಎಂದು ನಾನು ಎಣಿಸುತ್ತೇನೆ.

ಕೆಡುತ್ತಿದ್ದದ್ದು ಎಲ್ಲಿ? ಮೊದಲ ಇಪ್ಪತ್ತು ವರ್ಷ ಇದ್ದದ್ದು ಮರದ ದೊಡ್ಡ ಚಕ್ರಗಳು. ವಸಂತದಲ್ಲಿ ಹಿಮ ಕರಗಿ ಹೊಳೆ ಏರಿದರೆ ಹೊರಹೋಗುವ ಕಾಲುವೆಯ ನೀರೂ ಏರಿ ಚಕ್ರದ ಬುಡವನ್ನೇ ಮುಳುಗಿಸುತ್ತಿತ್ತು. ಇಳಿತ ಕಡಿಮೆಯಾಗುವುದು ಒಂದು, ನಿಂತ ನೀರು ಚಕ್ರವನ್ನು ಹಿಂದಕ್ಕೆ ಜಗ್ಗುವುದು ಇನ್ನೊಂದು. ಹೊಳೆ ತುಂಬಿ ಹರಿಯುತ್ತಿದ್ದರೂ ಗಿರಣಿ ನಿಲ್ಲುತ್ತಿತ್ತು. ನೀರಿನೊಳಗೆ ಮುಳುಗಿಯೂ ತಿರುಗುವ ಟರ್ಬೈನ್ ಬಂದಾಗ ಈ ಕಾಟ ತಪ್ಪಿತು. 1844ರಲ್ಲಿ ಯುರಾಯಾ ಬಾಯ್ಡನ್ ಆಪಲ್ಟನ್ ಗಿರಣಿಗೆ ಮೊದಲನೆಯದನ್ನು ಕೂರಿಸಿದ. ಅವನ ಮುಂದಿನ ಟರ್ಬೈನ್‌ಗಳು ನೀರಿನ ಶಕ್ತಿಯಲ್ಲಿ ನೂರಕ್ಕೆ 88ರವರೆಗೆ ಹಿಡಿದವು. ಇವತ್ತು ಜಗತ್ತಿನ ಜಲವಿದ್ಯುತ್ ಕೇಂದ್ರಗಳಲ್ಲಿ ಓಡುವ ಫ್ರಾನ್ಸಿಸ್ ಟರ್ಬೈನಿಗೆ ಹೆಸರು ಕೊಟ್ಟ ಜೇಮ್ಸ್ ಫ್ರಾನ್ಸಿಸ್ ಈ ಕಾಲುವೆಗಳ ಮುಖ್ಯ ಇಂಜಿನಿಯರ್ ಆಗಿದ್ದವನು.

ಬೇಸಿಗೆಯಲ್ಲಿ ನೀರು ಸಾಲದಿದ್ದಾಗ ಏನು ಮಾಡಿದರು ಎನ್ನುವುದನ್ನೂ ಹೇಳಬೇಕು. ಲೋವೆಲ್ ಮತ್ತು ಲಾರೆನ್ಸ್ ಊರುಗಳ ನೀರಿನ ಕಂಪನಿಗಳು 1840ರ ದಶಕದ ನಡುವೆ ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನ್ನಿಪಸಾಕಿ ಸರೋವರದ ತೂಬನ್ನೇ ಕೈಗೆ ತೆಗೆದುಕೊಂಡವು. ಗಿರಣಿಗೆ ನೀರು ಬೇಕಾದಾಗ ಅಲ್ಲಿ ತೂಬು ಎತ್ತುತ್ತಿದ್ದರು. ದಡದ ಹುಲ್ಲುಗಾವಲು ಮುಳುಗಿದವರು, ಸಣ್ಣ ಗಿರಣಿಗೆ ನೀರು ತಪ್ಪಿದವರು 1859ರಲ್ಲಿ ಕೊಡಲಿ ಹಿಡಿದು ಲೇಕ್ ವಿಲೇಜ್‌ನ ಅಣೆಕಟ್ಟಿನ ಮೇಲೆ ಬಿದ್ದರು.

ಹಾಸುಹೊಕ್ಕು:

ನೀರಗಂಟಿಯವರು ಶಾಫ್ಟಿನವರೆಗೆ ತಂದರು. ಅಲ್ಲಿಂದ ಮುಂದೆ ನಾನು.

ಚಕ್ರವಿದ್ದದ್ದು ನೆಲಮಾಳಿಗೆಯಲ್ಲಿ. ಮೊದಲು ಕಬ್ಬಿಣದ ಹಲ್ಲುಚಕ್ರಗಳಿಂದ ಬಲವನ್ನು ಮೇಲಕ್ಕೆ ಸಾಗಿಸುತ್ತಿದ್ದರು. ಒಂದು ಹಲ್ಲು ಮುರಿದರೆ ಇಡೀ ಗಿರಣಿ ಸ್ತಬ್ಧ. 1828ರಲ್ಲಿ ಆಪಲ್ಟನ್ ಗಿರಣಿಗೆ ಪಾಲ್ ಮೂಡಿ ಅಗಲವಾದ ಚರ್ಮದ ಪಟ್ಟಿ ಹಾಕಿದ. ಭಾರ ಜಾಸ್ತಿಯಾದರೆ ಪಟ್ಟಿ ಜಾರುತ್ತದೆಯೇ ಹೊರತು ಮುರಿಯುವುದಿಲ್ಲ. ಸದ್ದು ಕಡಿಮೆ, ಶಾಫ್ಟು ಹಗುರ, ಓಟ ಹೆಚ್ಚು. ಓಟ ಹೆಚ್ಚು ಎಂಬುದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಅರಳೆ ಬಿಡಿಸಿ ಕಸ ತೆಗೆಯುವ ಕೆಲಸ ಬೇರೆ ಕಟ್ಟಡದಲ್ಲಿ. ಉಕ್ಕಿನ ಹಲ್ಲಿಗೆ ಕಲ್ಲು ತಾಗಿ ಕಿಡಿ ಹಾರಿದರೆ ಅರಳೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಗಿರಣಿಯ ಕೆಳ ಅಂತಸ್ತಿನಲ್ಲಿ ಹಂಜಿ. ಹಲವು ಹಂಜಿ ಎಳೆಗಳನ್ನು ಒಟ್ಟಿಗೆ ಸೇರಿಸಿ ಮತ್ತೆಮತ್ತೆ ಎಳೆದು ದಪ್ಪ-ತೆಳು ಸರಿಪಡಿಸುತ್ತಿದ್ದರು. ಈ ಹಂತದಲ್ಲಿ ಉಳಿದ ದೋಷ ಮುಂದೆ ಎಲ್ಲೂ ಸರಿಹೋಗದು. ಮಗ್ಗದ ಮೇಲೆ ಎಳೆ ಹರಿದೇ ತೀರುತ್ತದೆ. ಅದರ ಮೇಲಿನ ಅಂತಸ್ತಿನಲ್ಲಿ ನೂಲು, ಅದರ ಮೇಲೆ ಮಗ್ಗಗಳು, ತುತ್ತತುದಿಯಲ್ಲಿ ಹಾಸಿನ ನೂಲಿಗೆ (ಬಟ್ಟೆಯ ಉದ್ದದ ಎಳೆಗಳಿಗೆ) ಗಂಜಿ ಕೊಡುವ ಕೋಣೆ.

ನೂಲುವ ಯಂತ್ರದ ಆಯ್ಕೆಯಲ್ಲೇ ಒಂದು ತೀರ್ಮಾನವಿದೆ. ಇಂಗ್ಲೆಂಡಿನಲ್ಲಿ ಮ್ಯೂಲ್ ಎಂಬ ಯಂತ್ರ ಬಳಕೆಯಲ್ಲಿತ್ತು. ನೂಲು ನಯವಾಗಿ ಬರುತ್ತಿತ್ತು, ಆದರೆ ನಡೆಸಲು ವರ್ಷಗಟ್ಟಲೆ ಪಳಗಿದ, ಸಂಘ ಕಟ್ಟಿಕೊಂಡ ಗಂಡಾಳು ಬೇಕು. ಲೋವೆಲ್ ಗಿರಣಿಗಳು ಹೆಚ್ಚಾಗಿ ಥ್ರಾಸಲ್ ಯಂತ್ರ ಹಾಕಿದವು. ಅದು ನಿಲ್ಲದೆ ಎಳೆಯುತ್ತ ಸುತ್ತುತ್ತ ಹೋಗುತ್ತದೆ. ಹರಿದ ಎಳೆ ಕಟ್ಟುವುದು, ತುಂಬಿದ ಕಂಡಿಕೆ (ನೂಲಿನ ಸುರುಳಿ) ತೆಗೆದು ಖಾಲಿಯದನ್ನು ಇಡುವುದು, ಇಷ್ಟೇ ಕೆಲಸ. ಕೆಲವೇ ವಾರಗಳಲ್ಲಿ ಹಳ್ಳಿಯ ಹುಡುಗಿಗೂ ಬರುತ್ತದೆ. ಕಂಪನಿಗೆ ಬೇಕಾಗಿದ್ದದ್ದೂ ಒರಟು ಬಟ್ಟೆಯೇ: 14ನೇ ನಂಬರಿನ ದಪ್ಪ ನೂಲು, 37 ಇಂಚು ಅಗಲ, ಇಂಚಿಗೆ 44 ಹೊಕ್ಕು, ಅಂದರೆ ಅಡ್ಡ ಎಳೆ.

ಈ ಅಳತೆಯಿಂದಲೇ ಕೆಲಸದ ಪ್ರಮಾಣ ತಿಳಿಯುತ್ತದೆ. ಒಂದು ಗಜಕ್ಕೆ 44 × 36 = 1,584 ಹೊಕ್ಕು. ಮಗ್ಗ ನಿಮಿಷಕ್ಕೆ 100 ಹೊಕ್ಕು ಹೊಡೆಯುತ್ತದೆ ಎಂದಿಟ್ಟುಕೊಂಡರೆ, ಒಂದು ಎಳೆಯೂ ಹರಿಯದಿದ್ದರೆ, ಗಜಕ್ಕೆ ಹದಿನಾರು ನಿಮಿಷ. ಅಷ್ಟರೊಳಗೆ ಅಡ್ಡ ಎಳೆಯನ್ನು ಆಚೀಚೆ ಒಯ್ಯುವ ಲಾಳಿಯ ಕಂಡಿಕೆ ಮುಗಿಯುತ್ತದೆ, ಹಾಸಿನ ಎಳೆ ಹರಿಯುತ್ತದೆ. ಮಗ್ಗ ನಿಲ್ಲಿಸಿ, ಹರಿದ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಸರಿಯಾದ ಸೀಳಿನಲ್ಲಿ ಪೋಣಿಸಿ ಮತ್ತೆ ಬಿಡಬೇಕು. ಒಬ್ಬಳ ಕೈಕೆಳಗೆ ಎರಡು ಮಗ್ಗವಿದ್ದರೆ ಒಂದರ ಬಳಿ ಗಂಟು ಹಾಕುವಾಗ ಇನ್ನೊಂದು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಮೂರಾದರೆ, ನಾಲ್ಕಾದರೆ?

ಆರೋಗ್ಯದ ಮಾತೂ ಇಲ್ಲೇ ಬರುತ್ತದೆ. ಗಂಜಿ ಕುಡಿದ ಹಾಸು ಒಣಗಿದರೆ ಪಟಪಟನೆ ತುಂಡಾಗುತ್ತದೆ. ಆದ್ದರಿಂದ ಕಿಟಕಿಗಳನ್ನು ಮುಚ್ಚಿ, ಹಬೆ ಬಿಟ್ಟು, ಕೋಣೆಯನ್ನು ತೇವವಾಗಿಡುತ್ತಿದ್ದರು. ಆ ತೇವದಲ್ಲಿ ಅರಳೆಯ ಧೂಳು, ಕತ್ತಲಾದ ಮೇಲೆ ಎಣ್ಣೆ ದೀಪಗಳ ಹೊಗೆ. ಜೊತೆಗೆ ಲಾಳಿ: ಕಂಡಿಕೆ ಬದಲಿಸಿದಾಗಲೆಲ್ಲ ಲಾಳಿಯ ಕಣ್ಣಿಗೆ ಬಾಯಿಟ್ಟು ಉಸಿರೆಳೆದು ನೂಲಿನ ತುದಿಯನ್ನು ಹೊರತರಬೇಕು. ಅದೇ ಲಾಳಿಗೆ ಇನ್ನೊಬ್ಬಳೂ ಬಾಯಿಡುತ್ತಾಳೆ. ಕ್ಷಯ ಹರಡಲು ಇನ್ನೇನು ಬೇಕು? ಅದಕ್ಕೆ ಸಾವಿನ ಮುತ್ತು ಎಂಬ ಹೆಸರೇ ಬಿತ್ತು. ಮ್ಯಾಸಚೂಸೆಟ್ಸ್ ಅದನ್ನು ನಿಷೇಧಿಸಿದ್ದು 1911ರಲ್ಲಿ.

ಮುಂಗಾರು:

ಒಂದು ಆಕ್ಷೇಪ. ಹೊಲದ ಕೆಲಸವೂ ಹೊತ್ತು ಮೂಡಿದಾಗಿನಿಂದ ಹೊತ್ತು ಮುಳುಗುವವರೆಗೆ ಇರುತ್ತಿತ್ತಲ್ಲವೇ? ಆ ಹುಡುಗಿಯರು ಮನೆಯಲ್ಲಿದ್ದರೂ ಹಾಲು ಕರೆದು, ಬೆಣ್ಣೆ ಕಡೆದು, ನೂಲು ತೆಗೆಯುತ್ತಲೇ ಇರುತ್ತಿದ್ದರು. ಗಿರಣಿಯಲ್ಲಿ ಕೈಗೆ ನಗದು ಬಂತು, ಸ್ವಂತ ಉಳಿತಾಯವಾಯಿತು, ಓದಲು ಪುಸ್ತಕ ಸಿಕ್ಕಿತು. ಅವರೇ ಬರೆದು ನಡೆಸಿದ ಲೋವೆಲ್ ಆಫರಿಂಗ್ ಎಂಬ ಪತ್ರಿಕೆ 1840ರಿಂದ 1845ರವರೆಗೆ ಬಂತು. ಇದನ್ನು ಬರೀ ನಷ್ಟದ ಕಥೆ ಮಾಡಬಾರದು.

ದಿನಗೂಲಿ:

ನಗದಿನ ಮಾತು ನಿಜ, ಮುಂಗಾರು ಅವರೇ. ಸ್ವಂತ ಹೆಸರಿನಲ್ಲಿ ಸಂಬಳ ಎಣಿಸಿಕೊಂಡದ್ದು ಆ ಹೆಣ್ಣುಮಕ್ಕಳ ಬದುಕಿನಲ್ಲಿ ದೊಡ್ಡ ಸಂಗತಿ. ಆದರೆ ಹೊಲದ ಹೊತ್ತಿಗೂ ಗಿರಣಿಯ ಹೊತ್ತಿಗೂ ಹೋಲಿಕೆ ಕೂಡಿಬರುವುದಿಲ್ಲ.

ಹೊಲದಲ್ಲಿ ಕೊಯ್ಲಿಗೆ ಉಸಿರಾಡಲು ಪುರಸೊತ್ತಿಲ್ಲ, ಚಳಿಗಾಲದಲ್ಲಿ ಕೆಲಸ ಇಳಿಯುತ್ತದೆ. ಗಿರಣಿಯಲ್ಲಿ 1840ರ ದಶಕದ ದಿನದ ಸರಾಸರಿ 12 ಗಂಟೆಗೂ ಮೇಲೆ, ವಾರಕ್ಕೆ ಸುಮಾರು 73 ಗಂಟೆ. ಅತಿ ಉದ್ದದ ದಿನಗಳು ಏಪ್ರಿಲ್‌ನಲ್ಲಿ, 13 ಗಂಟೆ 31 ನಿಮಿಷ. ಅತಿ ಕಿರಿದು ಡಿಸೆಂಬರ್, ಜನವರಿಯಲ್ಲಿ, 11 ಗಂಟೆ 24 ನಿಮಿಷ. ಆ ಊರಿನ ಡಿಸೆಂಬರ್‌ನಲ್ಲಿ ಹಗಲಿರುವುದೇ ಒಂಬತ್ತು ಗಂಟೆಯ ಆಸುಪಾಸು. ಮಿಕ್ಕದ್ದು ದೀಪದ ಬೆಳಕಿನ ದುಡಿಮೆ. ಬೇಸಿಗೆಯಲ್ಲಿ ಮೊದಲ ಗಂಟೆ ಬೆಳಗಿನ ಜಾವ ನಾಲ್ಕೂವರೆಗೆ. ಎದ್ದು ಒಂದಷ್ಟು ಕೆಲಸ ಮಾಡಿದ ಮೇಲೆ, ತಿಂಡಿಗೆ ಮನೆಗೆ ಹೋಗಿ ಬರಲು ಒಟ್ಟು ಅರ್ಧ ಗಂಟೆ. ಮಧ್ಯಾಹ್ನದ ಊಟಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ, ಓಡುವುದೂ ಅದರಲ್ಲೇ.

ಮನೆಯ ಕಟ್ಟುಪಾಡನ್ನೂ ನೋಡಿ. ಕಂಪನಿಯ ವಸತಿಗೃಹವನ್ನು ಹೆಚ್ಚಾಗಿ ವಿಧವೆಯರು ನಡೆಸುತ್ತಿದ್ದರು. ಕೋಣೆಗೆ ನಾಲ್ಕರಿಂದ ಆರು ಜನ, ಹಾಸಿಗೆಗೆ ಇಬ್ಬರು. ರಾತ್ರಿ ಹತ್ತಕ್ಕೆ ಬಾಗಿಲು ಬಂದ್, ಭಾನುವಾರ ಚರ್ಚಿಗೆ ಹೋಗಲೇಬೇಕು. ಬಿಟ್ಟುಹೋಗುವಾಗ ಒಳ್ಳೆಯ ಬಿಡುಗಡೆ ಚೀಟಿ ಬೇಕಾದರೆ ಒಂದು ವರ್ಷ ದುಡಿದಿರಬೇಕು, ಎರಡು ವಾರ ಮೊದಲೇ ತಿಳಿಸಿರಬೇಕು. ಚೀಟಿ ಇಲ್ಲದವಳ ಹೆಸರು ಬೇರೆ ಗಿರಣಿಗಳಿಗೂ ಹೋಗುತ್ತಿತ್ತು, ಊರಿನಲ್ಲಿ ಎಲ್ಲೂ ಕೆಲಸ ಹುಟ್ಟುತ್ತಿರಲಿಲ್ಲ. ಮಾಲೀಕರು ಪೈಪೋಟಿಗಿಳಿಯದೆ ಒಂದೇ ನಿಯಮಪಟ್ಟಿ ಹಿಡಿದದ್ದರ ಫಲ ಇದು.

ಇನ್ನು ಸಂಬಳ. 1830ರ ದಶಕದ ನಡುವೆ ಹೆಣ್ಣಾಳಿನ ಸರಾಸರಿ ಗಳಿಕೆ ವಾರಕ್ಕೆ ಸುಮಾರು 3.25 ಡಾಲರ್. ಊಟ-ವಸತಿಗೆ 1.25 ಹೋದರೆ ಉಳಿಯುವುದು 2 ಡಾಲರ್. 1834ರ ಫೆಬ್ರವರಿಯಲ್ಲಿ ನೂರಕ್ಕೆ 15ರಷ್ಟು ಕಡಿತ ಬಂತು. ಸುಮಾರು 800 ಹೆಂಗಸರು ಹೊರನಡೆದರು, ಕೆಲವೇ ದಿನಗಳಲ್ಲಿ ಸೋತರು. 1836ರಲ್ಲಿ ಸಂಬಳ ಮುಟ್ಟಲಿಲ್ಲ, ಊಟ-ವಸತಿಯ ದರವನ್ನು ವಾರಕ್ಕೆ 25 ಸೆಂಟ್ ಏರಿಸಿದರು. ಉಳಿಯುವ 2 ಡಾಲರ್ 1.75 ಆಯಿತು, ಅಂದರೆ ಎಂಟರಲ್ಲೊಂದು ಪಾಲು ಹೋಯಿತು. ಈ ಸಲ ಹೊರಬಂದವರು 1,500ಕ್ಕೂ ಹೆಚ್ಚು, ತಂತ್ರವೂ ಬೇರೆ. ಇಡೀ ಗಿರಣಿಯನ್ನು ಎಬ್ಬಿಸಲಾಗದ ಕಡೆ ಹಾಸು ಸುತ್ತುವ ಕೋಣೆಯನ್ನೋ ನೇಯ್ಗೆಯನ್ನೋ ಮಾತ್ರ ಖಾಲಿ ಮಾಡಿಸಿದರು. ಎಲ್ಲ ಹಂತವೂ ಒಂದೇ ಸೂರಿನಡಿ ಸಾಲಾಗಿದ್ದ ಕಡೆ ಒಂದು ಕೊಂಡಿ ಬಿಚ್ಚಿದರೆ ಮಿಕ್ಕದ್ದೆಲ್ಲ ನಿಲ್ಲಬೇಕು. ಯಾವುದು ಮಾಲೀಕರ ಬಲವೋ ಅದೇ ಅವರ ಮರ್ಮಸ್ಥಾನ ಎಂಬುದನ್ನು ಆ ಹೆಣ್ಣುಮಕ್ಕಳು ಕಂಡುಕೊಂಡಿದ್ದರು. ಕೆಲವು ಕಂಪನಿಗಳು ಏರಿಕೆಯನ್ನು ಹಿಂದಕ್ಕೆ ಪಡೆದವು.

ಕದಿರು:

ಹಾಗಾದರೆ ವೇಗದ ವಿಷಯ? ಒಬ್ಬಳಿಗೆ ನಾಲ್ಕು ಮಗ್ಗ ಆದದ್ದು ಟರ್ಬೈನ್ ಬಂದು ಬಲ ಹೆಚ್ಚಿದ್ದರಿಂದಲೇ ಅಲ್ಲವೇ?

ದಿನಗೂಲಿ:

ಅಲ್ಲ. ಕಾಲಾನುಕ್ರಮ ನೋಡಿ. 1842ರ ಡಿಸೆಂಬರ್‌ನಲ್ಲಿ, ಅಂದರೆ ಬಾಯ್ಡನ್ ಟರ್ಬೈನಿಗೆ ಮೊದಲೇ, ಲೋವೆಲ್ ಊರಿನ ಮಿಡ್ಲ್‌ಸೆಕ್ಸ್ ಕಂಪನಿಯ ಸುಮಾರು 70 ನೇಕಾರ್ತಿಯರು ಕೆಲಸ ಬಿಟ್ಟು ಹೊರಬಂದರು. ಒಂದರ ಬದಲು ಎರಡು ಮಗ್ಗ ನೋಡಿಕೊಳ್ಳಿ, ತುಂಡಿನ ದರವೂ ಇಳಿಯುತ್ತದೆ ಎಂದಿದ್ದರು. ಹೊರಬಂದವರ ಹೆಸರು ಕಪ್ಪುಪಟ್ಟಿಗೆ ಹೋಯಿತು.

ಅದರ ಹಿಂದಿನ ಯಂತ್ರಾಂಗ ಹೀಗೆ. ನೇಯುವವರಿಗೆ ತುಂಡಿನ ಲೆಕ್ಕದ ಕೂಲಿ. ಮೇಲ್ವಿಚಾರಕನಿಗೆ ಅವನ ಕೋಣೆಯ ಉತ್ಪಾದನೆಯ ಮೇಲೆ ಪ್ರೀಮಿಯಂ, ಅಂದರೆ ಸಂಬಳದ ಮೇಲಿನ ಇನಾಮು. ಮಗ್ಗದ ಓಟ ಹೆಚ್ಚಿಸು, ಒಬ್ಬಳಿಗೆ ಮಗ್ಗ ಹೆಚ್ಚಿಸು, ಆಮೇಲೆ ಗಳಿಕೆ ಜಾಸ್ತಿಯಾಯಿತೆಂದು ತುಂಡಿನ ದರ ಇಳಿಸು. ವಾರದ ಗಳಿಕೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಬಟ್ಟೆ ಮಾತ್ರ ಏರುತ್ತದೆ.

ಲೆಕ್ಕದಮನೆ:

ಈ ಪ್ರೀಮಿಯಂ ಯಾಕೆ ಬಂತು ಎಂಬುದು ಬಾಸ್ಟನ್ನಿನ ಪುಸ್ತಕ ನೋಡಿದರೆ ಅರ್ಥವಾಗುತ್ತದೆ.

ಸ್ಲೇಟರನ ಕಾಲದ ಗಿರಣಿ ಇಬ್ಬರು ಮೂವರು ಪಾಲುದಾರರ ಮನೆ ವ್ಯವಹಾರ. ಲೋವೆಲ್‌ನವರದು ಸರ್ಕಾರದ ಸನದು ಪಡೆದ ಷೇರು ಕಂಪನಿ. 1813ರ ಕಂಪನಿಗೆ 4 ಲಕ್ಷ ಡಾಲರ್‌ವರೆಗೆ ಬಂಡವಾಳಕ್ಕೆ ಅನುಮತಿ, 1822ರ ಮೆರಿಮ್ಯಾಕ್ ಕಂಪನಿಗೆ 6 ಲಕ್ಷ. ಷೇರುದಾರರೂ ಖಜಾಂಚಿಯೂ ಬಾಸ್ಟನ್ನಿನಲ್ಲಿ. ಗಿರಣಿಯಲ್ಲಿ ಏಜೆಂಟ್, ಅವನ ಕೆಳಗೆ ಕೋಣೆಗೊಬ್ಬ ಮೇಲ್ವಿಚಾರಕ. ಮಾರಾಟ ಲೋವೆಲ್‌ನ ಪಾಲುದಾರ ನಾಥನ್ ಆಪಲ್ಟನ್‌ಗೆ ಸಂಬಂಧಪಟ್ಟ ಅಂಗಡಿಯಿಂದ, ನೂರಕ್ಕೆ 1 ಕಮಿಷನ್ನಿಗೆ. ದುಡ್ಡು ಹಾಕಿದವನು ಮಗ್ಗದ ಸದ್ದು ಕೇಳದೆಯೇ ಲಾಭ ಪಡೆಯಬಹುದಾದ ಏರ್ಪಾಡು. ಅವನ ಕಣ್ಣಿಗೆ ಬೀಳುವುದು ಗಜಕ್ಕೆ ಬಿದ್ದ ಖರ್ಚು ಮಾತ್ರ.

ಆ ಖರ್ಚಿನ ಮೇಲೆ ಒತ್ತಡ ಇದ್ದದ್ದೂ ನಿಜ. ಆಪಲ್ಟನ್ ಕೊಡುವ ಲೆಕ್ಕದಂತೆ ಈ ಒರಟು ಬಟ್ಟೆ 1816ರಲ್ಲಿ ಗಜಕ್ಕೆ 30 ಸೆಂಟ್, 1829ರಲ್ಲಿ 8.5, 1843ರಲ್ಲಿ 6.5. ಮೂವತ್ತು ವರ್ಷ ತುಂಬುವುದರೊಳಗೆ ಬೆಲೆ ನಾಲ್ಕರಲ್ಲೊಂದು ಪಾಲಿಗೂ ಕೆಳಗೆ ಬಂತು. ಕೊಳ್ಳುವವರಿಗೆ ಇದು ಎಂಥ ಅನುಕೂಲ ಎಂಬುದನ್ನು ಮರೆಯಬಾರದು. ಬಡವರ ಮನೆಗೂ ಎರಡನೇ ಹೊದಿಕೆ, ಎರಡನೇ ಅಂಗಿ ಬಂದದ್ದು ಹೀಗೆ.

ನಮ್ಮ ದೇಶಕ್ಕೆ ತಾಗುವ ಒಂದು ಸಂಗತಿ ಇಲ್ಲಿದೆ. 1816ರ ಸುಂಕ ಕಾಯ್ದೆಯಲ್ಲಿ ಹತ್ತಿ ಬಟ್ಟೆಗೆ ನೂರಕ್ಕೆ 25 ಸುಂಕ. ಜೊತೆಗೆ, ಬಟ್ಟೆಯ ನಿಜವಾದ ಬೆಲೆ ಎಷ್ಟೇ ಇರಲಿ, ಗಜಕ್ಕೆ 25 ಸೆಂಟಿಗಿಂತ ಕಡಿಮೆ ಎಂದು ಎಣಿಸುವಂತಿಲ್ಲ. ಅಂದರೆ ಯಾವ ಬಟ್ಟೆಗಾದರೂ ಕನಿಷ್ಠ 6.25 ಸೆಂಟ್. ಗಜಕ್ಕೆ 10 ಸೆಂಟಿನ ಬಟ್ಟೆಯಾದರೆ ಸುಂಕವೇ ನೂರಕ್ಕೆ 62ರ ಮೇಲಾಯಿತು. ಹೆಚ್ಚಾಗಿ ಕಲ್ಕತ್ತೆಯಿಂದ ಹೋಗುತ್ತಿದ್ದ ಅಗ್ಗದ ಒರಟು ಬಟ್ಟೆಗೆ ಈ ಏಟು ಬಿತ್ತು. ಈ ಕನಿಷ್ಠ ಬೆಲೆಯ ಉಪಾಯಕ್ಕಾಗಿ ವಾಷಿಂಗ್ಟನ್ನಿನಲ್ಲಿ ಓಡಾಡಿದವನು ಸ್ವತಃ ಫ್ರಾನ್ಸಿಸ್ ಲೋವೆಲ್. ಭಾರತದ ಕೈಮಗ್ಗದ ಕಥೆಯಲ್ಲಿ ಮ್ಯಾಂಚೆಸ್ಟರ್ ಬರುತ್ತದೆ, ವಾಲ್ಥಮ್ ಬರುವುದಿಲ್ಲ. ಬರಬೇಕು.

ಎರೆಹೊಲ:

ಹತ್ತಿ ಎಲ್ಲಿಂದ ಬಂತು ಅನ್ನೋದು ಇನ್ನೂ ಯಾರೂ ಎತ್ತಿಲ್ಲ ನೋಡ್ರಿ. ಅದನ್ನ ಬಿಟ್ಟು ಗಿರಣಿ ಮಾತಾಡಿದ್ರ ಅರ್ಧಾ ಮಾತಾಡಿದಂಗ.

ಅಮೆರಿಕದ ಒಳನಾಡಿನ್ಯಾಗ ಬೆಳಿಯೋ ಗಿಡ್ಡ ಎಳಿ ಹತ್ತಿ ಬೀಜಕ್ಕ ಗಟ್ಟಿ ಅಂಟಿಕೊಂಡಿರತದ. ಕೈಯಿಂದ ಬಿಡಿಸಿದ್ರ ಒಬ್ಬ ಆಳಿಗೆ ದಿನಕ್ಕ ಒಂದು ಪೌಂಡು. ಎಲೈ ವಿಟ್ನಿ 1794ರಾಗ ಪೇಟೆಂಟ್ ಪಡದ ಜಿನ್ನು ಅದನ್ನ 50 ಪೌಂಡಿಗೆ ಏರಿಸ್ತು. ಬಿಡಿಸೋದು ಹಗುರಾದ ಮ್ಯಾಲ ಬಿತ್ತೋದು ಹೆಚ್ಚಾತು, ಬಿತ್ತೋದು ಹೆಚ್ಚಾದ ಮ್ಯಾಲ ಗುಲಾಮರು ಹೆಚ್ಚಾದ್ರು. 1790ರಾಗ ಸುಮಾರು 7 ಲಕ್ಷ ಇದ್ದವರು 1860ಕ್ಕ ಹತ್ತತ್ರ 40 ಲಕ್ಷ. ಲೋವೆಲ್ ಗಿರಣಿಗಳು ಆ ಹತ್ತಿ ತಂದು, ನೇದು, ಅದರಾಗಿನ ಭಾಳ ಒರಟು ಬಟ್ಟಿ ಮತ್ತ ಅದೇ ಗುಲಾಮರಿಗೆ ತೊಡಿಸಲಿಕ್ಕೆ ದಕ್ಷಿಣಕ್ಕ ಮಾರತಿದ್ವು. ಗಿರಣಿ ಹೆಣ್ಣುಮಕ್ಕಳ ಕೂಲಿ ಎಷ್ಟೇ ಕಡಿಮಿ ಇರಲಿ, ಅದು ಕೂಲಿ. ಹೊಲದಾಗ ಇದ್ದವರಿಗೆ ಅದೂ ಇರಲಿಲ್ಲ.

ಧಾರವಾಡಕ್ಕೂ ಇದಕ್ಕೂ ನಂಟದ. 1840ರ ದಶಕದಾಗ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನ ಕರಿಸಿ ನ್ಯೂ ಆರ್ಲಿಯನ್ಸ್ ಜಾತಿ ಹತ್ತಿ ಬಿತ್ತಿಸಿ ನೋಡಿತು. ಬ್ಯಾರೆ ಕಡೆ ಭಾಳ ಕಡೆ ಕೈಕೊಟ್ಟ ಬೀಜ ನಮ್ಮ ಎರಿ ನೆಲದಾಗ ಹತ್ತಿತು. ಧಾರವಾಡ-ಅಮೆರಿಕನ್ ಅಂತ ಹೆಸರಾತು. ಆದ್ರ ನಮ್ಮ ಹಳೇ ಪದ್ಧತಿಯಾಗ ಅದನ್ನ ಬಿಡಿಸಲಿಕ್ಕೆ ಬರಲಿಲ್ಲ, ಬೀಜಕ್ಕ ಅಂಟಿದ ಎಳಿಗೆ ಗರಗಸದ ಜಿನ್ನೇ ಬೇಕು. ಜಿನ್ನು ಮಾಡಲಿಕ್ಕೆ, ರಿಪೇರಿ ಮಾಡಲಿಕ್ಕೆ ಧಾರವಾಡದಾಗ ಕಾರಖಾನೆ ಬಂತು. ಗರಗಸದ ಹಲ್ಲು ಮೊಂಡಾದ್ರ ಎಳಿ ತುಂಡಾಗತದ, ಕಿಮ್ಮತ್ತು ಬೀಳತದ. 1861ರಾಗ ಅಮೆರಿಕದ ಅಂತರ್ಯುದ್ಧ ಸುರು ಆಗಿ ದಕ್ಷಿಣದ ಬಂದರು ಬಂದಾದ ಮ್ಯಾಲ ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಧಾರಣಿ ಬಂತು. ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗೋ ಹತ್ತಿಯಾಗ ಕಲಬೆರಕಿನೂ ಹೆಚ್ಚಾಗಿ, 1863ರಾಗ ಮುಂಬಯಿ ಸರ್ಕಾರ ಹತ್ತಿ ವಂಚನೆ ತಡೆ ಕಾಯ್ದೆ ತರಬೇಕಾತು.

ಲೆಕ್ಕದಮನೆ:

ಎರೆಹೊಲ ಅವರ ಮಾತಿಗೆ ಲೋವೆಲ್ ಕಡೆಯ ಒಂದು ಜೋಡಣೆ. ಅದೇ ಯುದ್ಧದಲ್ಲಿ ಅಲ್ಲಿನ ಕಂಪನಿಗಳು ಗೋದಾಮಿನ ಅರಳೆಯನ್ನು ಏರಿದ ಬೆಲೆಗೆ ಮಾರಿ ಗಿರಣಿಗಳನ್ನೇ ಮುಚ್ಚಿದವು. ಸುಮಾರು 10,000 ಜನ ಬೀದಿಗೆ ಬಿದ್ದರು. ಬೆಲೆ ಇನ್ನಷ್ಟು ಏರಿತು, ಯುದ್ಧ ನಾಲ್ಕು ವರ್ಷ ನಡೆಯಿತು, ಮತ್ತೆ ಅರಳೆ ಕೊಳ್ಳಲು ದುಬಾರಿ ತೆರಬೇಕಾಯಿತು. ಪಳಗಿದ ಕೈಗಳು ಚದುರಿಹೋಗಿದ್ದವು. ವ್ಯಾಪಾರದ ಲೆಕ್ಕದಲ್ಲೂ ಅದು ತಪ್ಪು ಹೆಜ್ಜೆ.

ಎರಕ:

ಕಟ್ಟಡದ ಬಗ್ಗೆ ಯಾರೂ ಹೇಳಲಿಲ್ಲ. ಲೋವೆಲ್‌ನಿಂದ ಹೊಳೆಯ ಕೆಳಕ್ಕೆ ಲಾರೆನ್ಸ್ ಎಂಬ ಊರಿದೆ. ಅಲ್ಲಿನ ಪೆಂಬರ್ಟನ್ ಗಿರಣಿ ಐದಂತಸ್ತಿನದು. 1860ರ ಜನವರಿ 10ರ ಸಂಜೆ, ಆರು ನೂರಕ್ಕೂ ಹೆಚ್ಚು ಜನ ಒಳಗಿದ್ದಾಗ, ನೋಡನೋಡುತ್ತಲೇ ಕುಸಿಯಿತು.

ಕಾರಣ ಎರಕದಲ್ಲಿತ್ತು. ನೆಲವನ್ನು ಹೊತ್ತಿದ್ದದ್ದು ಟೊಳ್ಳಾದ ಬೀಡುಕಬ್ಬಿಣದ ಕಂಬಗಳು. ಟೊಳ್ಳು ಬರಲು ಅಚ್ಚಿನ ನಡುವೆ ಮರಳಿನ ತಿರುಳು ಇಡುತ್ತಾರೆ. ಅಚ್ಚನ್ನು ಮಲಗಿಸಿ ಎರಕ ಹೊಯ್ದರೆ ಕರಗಿದ ಕಬ್ಬಿಣ ಆ ತಿರುಳನ್ನು ತೇಲಿಸುತ್ತದೆ. ಸರಿಯಾಗಿ ಬಿಗಿಯದಿದ್ದರೆ ಅದು ಒಂದು ಪಕ್ಕಕ್ಕೆ ಸರಿದುಬಿಡುತ್ತದೆ. ಆಗ ಕಂಬದ ಒಂದು ಬದಿ ದಪ್ಪ, ಇನ್ನೊಂದು ಬದಿ ಕಾಗದದಂತೆ. ಇಲ್ಲಿ ಕೆಲವು ಕಡೆ ಇಂಚಿನ ಎಂಟರಲ್ಲೊಂದು ಪಾಲು ದಪ್ಪವಷ್ಟೇ ಇತ್ತು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ರಂಧ್ರ ಕೊರೆದು ಅಳೆಯಬೇಕಿತ್ತು. ಕತ್ತಲಲ್ಲಿ ಅವಶೇಷದಡಿ ಸಿಕ್ಕಿಕೊಂಡವರನ್ನು ಎಳೆಯುತ್ತಿದ್ದಾಗ ಲಾಂದ್ರ ಒಡೆದು, ಎಣ್ಣೆ ಮೆತ್ತಿದ ಅರಳೆಗೆ ಬೆಂಕಿ ಹತ್ತಿತು. ಸತ್ತವರ ಎಣಿಕೆ 88ರಿಂದ 145ರವರೆಗೆ ಬೇರೆಬೇರೆಯಾಗಿ ಸಿಗುತ್ತದೆ.

ಮುಂಗಾರು:

ಕಾನೂನು ಏನು ಮಾಡುತ್ತಿತ್ತು? ಇಷ್ಟೆಲ್ಲ ಆಗುವಾಗ ಶಾಸನಸಭೆ ಸುಮ್ಮನಿತ್ತೇ?

ದಿನಗೂಲಿ:

ಕೇಳಿದವರು ಈ ಹೆಂಗಸರೇ. 1844ರ ಡಿಸೆಂಬರ್‌ನಲ್ಲಿ ಲೋವೆಲ್ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಹುಟ್ಟಿತು, ಅಧ್ಯಕ್ಷೆ ಸಾರಾ ಬ್ಯಾಗ್ಲಿ. ಹತ್ತು ಗಂಟೆ ದಿನಕ್ಕಾಗಿ ಸಹಿ ಸಂಗ್ರಹಿಸಿ, 1845ರ ಫೆಬ್ರವರಿಯಲ್ಲಿ ಶಾಸನಸಭೆಯ ಸಮಿತಿಯ ಮುಂದೆ ಹೋಗಿ ಸಾಕ್ಷಿ ನುಡಿದರು. ಮತದಾನದ ಹಕ್ಕಿಲ್ಲದ ಹೆಂಗಸರು ಹಾಗೆ ನಿಂತು ಕಿಟಕಿ, ದೀಪ, ಊಟದ ಹೊತ್ತನ್ನು ಎಣಿಸಿ ಹೇಳಿದ್ದು ಸಣ್ಣ ಮಾತಲ್ಲ. ಸಮಿತಿ ಕಾನೂನು ಬೇಡ ಎಂದು ವರದಿ ಕೊಟ್ಟಿತು. ಆ ಸಮಿತಿಯ ಅಧ್ಯಕ್ಷ ವಿಲಿಯಂ ಸ್ಕೂಲರ್ ಲೋವೆಲ್‌ನ ಪ್ರತಿನಿಧಿ. ಅವನನ್ನು ಸೋಲಿಸಿ ಎಂದು ಸಂಘ ಬಹಿರಂಗವಾಗಿ ಕರೆಕೊಟ್ಟಿತು, ಮುಂದಿನ ಚುನಾವಣೆಯಲ್ಲಿ ಅವನು ಸೋತ.

ಪಕ್ಕದ ನ್ಯೂ ಹ್ಯಾಂಪ್‌ಶೈರ್ 1847ರಲ್ಲಿ ಹತ್ತು ಗಂಟೆಯ ಕಾನೂನು ಮಾಡಿತು. ಅದರಲ್ಲೊಂದು ಕಿಂಡಿ ಬಿಟ್ಟಿದ್ದರು: ಕೆಲಸಗಾರರು ಒಪ್ಪಂದಕ್ಕೆ ಸಹಿ ಹಾಕಿದರೆ ಹೆಚ್ಚು ಹೊತ್ತು ದುಡಿಸಬಹುದು. ಕಾನೂನು ಜಾರಿಗೆ ಬರುವ ಮೊದಲೇ ಕಂಪನಿಗಳು ಒಪ್ಪಂದ ಮುಂದಿಟ್ಟವು. ಸಹಿ ಹಾಕದವರಿಗೆ ಕೆಲಸವಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಹೆಂಗಸರು, ಮಕ್ಕಳಿಗೆ ಹತ್ತು ಗಂಟೆಯ ಕಾನೂನು ಬಂದದ್ದು 1874ರಲ್ಲಿ. ಅಷ್ಟು ಹೊತ್ತಿಗೆ ಮೊದಲು ಬಂದ ರೈತರ ಹೆಣ್ಣುಮಕ್ಕಳು ಹೆಚ್ಚುಕಡಿಮೆ ಹೊರಟುಹೋಗಿದ್ದರು. ಲೋವೆಲ್‌ನ ಹ್ಯಾಮಿಲ್ಟನ್ ಕಂಪನಿಯಲ್ಲಿ 1836ರಲ್ಲಿ ನೂರಕ್ಕೆ 96 ಜನ ಅಲ್ಲೇ ಹುಟ್ಟಿದವರು. 1860ರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ವಲಸಿಗರು, ಅದರಲ್ಲಿ ಐರ್ಲೆಂಡಿನ ಕ್ಷಾಮದಿಂದ ಓಡಿಬಂದವರೇ ಬಹಳ. ಊರಿಗೆ ವಾಪಸು ಹೋಗಲು ಹೊಲವಿದ್ದವಳು ಕೆಲಸ ಬಿಟ್ಟೇನು ಎಂದು ಹೆದರಿಸಬಹುದಿತ್ತು. ಇವರಿಗೆ ಆ ದಾರಿಯೂ ಇರಲಿಲ್ಲ.

ಹಾಸುಹೊಕ್ಕು:

1894ರ ನಾರ್ತ್‌ರಪ್ ಮಗ್ಗವನ್ನೂ ಸೇರಿಸಿ, ಹೋಪ್‌ಡೇಲ್‌ನ ಡ್ರೇಪರ್ ಕಂಪನಿಯದು. ಕಂಡಿಕೆ ಮುಗಿದರೆ ಮಗ್ಗ ನಿಲ್ಲದೆಯೇ ಹೊಸ ಕಂಡಿಕೆ ಲಾಳಿಯೊಳಗೆ ಬಂದು ಕೂರುತ್ತದೆ, ನೂಲು ತಾನೇ ಪೋಣಿಸಿಕೊಳ್ಳುತ್ತದೆ. ಹಾಸಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತದೆ. ಬಾಯಿಡುವ ಪಾಡು ತಪ್ಪಿತು, ಅದು ನಿಜವಾದ ಒಳಿತು. ಆದರೆ ಒಬ್ಬರಿಗೆ ಎಂಟು ಮಗ್ಗ ಇದ್ದಲ್ಲಿ ಹದಿನಾರು, ಅದಕ್ಕೂ ಹೆಚ್ಚು ಬಂದವು. ಕದಿರು ಅವರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಎಷ್ಟು ಮಗ್ಗ ಎನ್ನುವುದನ್ನು ಯಂತ್ರ ಹೇಳಲಿಲ್ಲ, ಮೇಲ್ವಿಚಾರಕ ಹೇಳಿದ.

ಕದಿರು:

ಒಪ್ಪುತ್ತೇನೆ. ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲೂ ಇದೇ. ಚಾಸಿ ಜೋಡಿಸಲು 12 ಗಂಟೆ 28 ನಿಮಿಷ ಬೇಕಿದ್ದದ್ದು ಸಾಲು ಚಲಿಸತೊಡಗಿದ ಮೇಲೆ 93 ನಿಮಿಷಕ್ಕೆ ಇಳಿಯಿತು. ಜನ ನಿಲ್ಲಲಿಲ್ಲ, 1913ರಲ್ಲಿ ಸುಮಾರು 14,000 ಆಳು ಉಳಿಸಿಕೊಳ್ಳಲು 52,000 ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯ 5 ಡಾಲರ್ ದಿನಗೂಲಿಗೆ ಮುಖ್ಯ ಕಾರಣ ಅದು. ಅದರಲ್ಲೂ 2.34 ಮಾತ್ರ ಕೂಲಿ. ಮಿಕ್ಕ 2.66 ಲಾಭದ ಪಾಲು, ಮನೆಗೆ ಬಂದು ನಡತೆ ವಿಚಾರಿಸುವವರು ಒಪ್ಪಿದರಷ್ಟೇ. ರಾತ್ರಿ ಹತ್ತಕ್ಕೆ ಬಾಗಿಲು ಮುಚ್ಚಿದ ವಸತಿಗೃಹವೇ ನೆನಪಾಗುತ್ತದೆ.

ದಿನಗೂಲಿ:

ಡೆಟ್ರಾಯಿಟ್‌ಗೆ ಹೋಗುವ ಮೊದಲು ಲಾರೆನ್ಸ್ ಒಮ್ಮೆ ನೋಡಿ. ಮ್ಯಾಸಚೂಸೆಟ್ಸ್ ಹೆಂಗಸರ, ಮಕ್ಕಳ ವಾರದ ದುಡಿಮೆಯನ್ನು 56 ಗಂಟೆಯಿಂದ 54ಕ್ಕೆ ಇಳಿಸಿತು, 1912ರ ಜನವರಿ 1ರಿಂದ. ಕಂಪನಿಗಳು ಆ ಎರಡು ಗಂಟೆಯ ಕೂಲಿಯನ್ನೂ ಮುರಿದುಕೊಂಡವು, ಸುಮಾರು 32 ಸೆಂಟ್. ಜನವರಿ 11ರಂದು ಎವರೆಟ್ ಗಿರಣಿಯ ಪೋಲಿಷ್ ಹೆಂಗಸರು ಸಂಬಳದ ಲಕೋಟೆ ಎಣಿಸಿ, ಮಗ್ಗ ನಿಲ್ಲಿಸಿ ಹೊರನಡೆದರು. ಮರುದಿನದಿಂದ ಊರೇ ಸೇರಿತು. ಅವರ ಬೇಡಿಕೆ ನಾಲ್ಕು: ನೂರಕ್ಕೆ 15 ಹೆಚ್ಚಳ, ಹೆಚ್ಚುವರಿ ಕೆಲಸಕ್ಕೆ ಎರಡರಷ್ಟು ಕೂಲಿ, ಮುಷ್ಕರ ಹೂಡಿದವರ ಮೇಲೆ ಸೇಡು ಬೇಡ, ಪ್ರೀಮಿಯಂ ಪದ್ಧತಿ (ಇಲ್ಲಿ ಕೆಲಸಗಾರರಿಗೇ ಹೆಚ್ಚು ಉತ್ಪಾದನೆಗೆ ಕೊಡುತ್ತಿದ್ದ ಇನಾಮು) ರದ್ದು.

ಮಾರ್ಚ್‌ನಲ್ಲಿ ಕಂಪನಿಗಳು ಮಣಿದವು. ಹೆಚ್ಚಳ ಸಿಕ್ಕಿತು, ಕಡಿಮೆ ಕೂಲಿಯವರಿಗೇ ಹೆಚ್ಚು ಪಾಲು. ಹೆಚ್ಚುವರಿ ಗಂಟೆಗೆ ಒಂದೂಕಾಲು ಪಟ್ಟು ಸಿಕ್ಕಿತು. ಸೇಡಿಲ್ಲ ಎಂಬ ಮಾತೂ ಸಿಕ್ಕಿತು. ಓಟಕ್ಕೆ ಕಟ್ಟಿದ್ದ ಪ್ರೀಮಿಯಂ ಮಾತ್ರ ಹೋಗಲಿಲ್ಲ. ನಾಲ್ಕು ವಾರಕ್ಕೊಮ್ಮೆ ಲೆಕ್ಕ ಹಾಕುತ್ತಿದ್ದದ್ದನ್ನು ಎರಡು ವಾರಕ್ಕೊಮ್ಮೆ ಮಾಡಿದರು.